ಫುಸಾಯೆ ಬರೆದ ಹಿಮದ ಪುಸ್ತಕ

ಹಿಮ ಎಷ್ಟು ಚೆಂದ ಅಲ್ಲವೇ ಎಂದು ಪೇಟೆಯವರು ಯಾರಾದರೂ ಬಾಯಿ ಬಿಟ್ಟರೆ ನಮ್ಮ ತೊಚಿದೈರಾ ಹಳ್ಳಿಯ ಹೆಂಗಸರಿಗೆ ಮೈಯೆಲ್ಲ ಉರಿಯುತ್ತದೆ. ಚೆಂದವಂತೆ! ರೈಲಿನ ಕಿಟಕಿಯಿಂದ ನೋಡಿಕೊಂಡು ಹೋಗುವವರಿಗೆ ಏನು, ಯಾರದೋ ಮನೆಗೆ ಬಿದ್ದ ಬೆಂಕಿಯೂ ಚೆಂದವೇ. ನಮ್ಮಲ್ಲಿ ಅದು ಡಿಸೆಂಬರಿನಲ್ಲಿ ಹೊಸಿಲಿಗೆ ಬರುತ್ತದೆ, ಹೊಸವರ್ಷದ ಅಕ್ಕಿಕಡುಬು, ಮೋಚಿ, ತಿಂದು ಮುಗಿಸುವಷ್ಟರಲ್ಲಿ ಕಿಟಕಿ ಮುಚ್ಚುತ್ತದೆ, ಫೆಬ್ರವರಿಗೆ ಸೂರು ಮುಟ್ಟುತ್ತದೆ. ಕಿಟಕಿ ಒಡೆಯದಿರಲಿ ಎಂದು ಹೊರಗಿನಿಂದ ಹಲಗೆ ಬಡಿದಿರುತ್ತಾರಾದ್ದರಿಂದ ಮಟಮಟ ಮಧ್ಯಾಹ್ನವೂ ದೀಪ ಹಚ್ಚಿಕೊಂಡೇ ಅಕ್ಕಿ ಆರಿಸಬೇಕು. ಗಂಡಸರೋ, ಭತ್ತದ ಕೊಯ್ಲು ಮುಗಿದದ್ದೇ ತಡ, ಗಂಟು ಕಟ್ಟಿಕೊಂಡು ಟೋಕಿಯೋ ಕಡೆ ಸುರಂಗ ತೋಡುವ ಕೆಲಸಕ್ಕೆ ಹೊರಟುಬಿಡುತ್ತಾರೆ. ಮತ್ತೆ ಅವರ ಮುಖ ಕಾಣುವುದು ಏಪ್ರಿಲಿನಲ್ಲಿ. ಸೂರಿನ ಹಿಮ ಎಳೆದುಹಾಕುವವರು, ದಾರಿ ತುಳಿಯುವವರು, ಹೆರುವವರು, ಹೂಳುವವರು ಎಲ್ಲ ಹೆಂಗಸರೇ.

ಇಂಥ ಊರಿಗೆ ಫುಸಾಯೆ ಸಮುದ್ರದ ಕಡೆಯಿಂದ ಸೊಸೆಯಾಗಿ ಬಂದಳು. ಅವಳ ತಂದೆ ಬಾವುಟಕ್ಕೆ ಬಣ್ಣ ಹಾಕುವವನು. ದೋಣಿಗೆ ರಾಶಿ ಮೀನು ಸಿಕ್ಕ ದಿನ ದಡ ಸೇರುವ ಮುಂಚೆಯೇ ಏರಿಸುತ್ತಾರಲ್ಲ, ಕೆಂಪು ಹಳದಿ ನೀಲಿಯ ದೊಡ್ಡ ಬಾವುಟ, ಅವು ಆ ಮನೆಯಲ್ಲಿ ತಯಾರಾಗುತ್ತಿದ್ದವು. ಫುಸಾಯೆ ಏಳು ವರ್ಷದವಳಿದ್ದಾಗಿನಿಂದ ಮೀನಿನ ಹೊಟ್ಟೆಗೆ, ಅಲೆಯ ನೆತ್ತಿಗೆ ಬಣ್ಣ ತುಂಬಿದ ಹುಡುಗಿ. ಅಲ್ಲಿಯೂ ಹಿಮ ಬೀಳುತ್ತದೆ, ಇಲ್ಲವೆಂದಲ್ಲ. ಆದರೆ ಗಾಳಿ ಬಂದು ಗುಡಿಸಿಕೊಂಡು ಹೋಗುತ್ತದೆ. ಗಂಡ ಗೆನ್‌ಸಾಕುವಿನ ಕಡೆಯವರು ಹೆಣ್ಣಿಗೆ ಮನೆ ತೋರಿಸಿದ್ದು ಮೇ ತಿಂಗಳಲ್ಲಿ. ಮೋಸ ಅನ್ನಲಾರೆ, ಆದರೆ ನಮ್ಮೂರಿನಲ್ಲಿ ಜನವರಿಯಲ್ಲಿ ಯಾರೂ ಯಾವ ಹೆಣ್ಣಿಗೂ ಮನೆ ತೋರಿಸಿದ್ದಿಲ್ಲ.

ಮೊದಲ ಚಳಿಗಾಲದಲ್ಲಿ ಅವಳು ಉಪ್ಪು ಹಾಕಿದ ಸೊಪ್ಪಿನ ಪೀಪಾಯಿಯ ಪಕ್ಕ ಕುಳಿತು ಅತ್ತಳು. ಅತ್ತೆ ಇಶಿ ನೋಡಿ, ತನ್ನ ಪಾಡಿಗೆ ಪೀಪಾಯಿಯ ಮೇಲಿನ ಕಲ್ಲು ಎತ್ತಿಟ್ಟು, "ಮೊದಲ್ನೇ ವರ್ಷ ಎಲ್ರೂ ಅಳ್ತಾರೆ ಕಣೆ. ಎರಡ್ನೇ ವರ್ಷ ಅಳೋಕೆ ಪುರುಸೊತ್ತೇ ಇರಲ್ಲ," ಎಂದಳು. ಇಶಿಯ ಮಾತೇ ಹಾಗೆ. ಕೆಟ್ಟವಳಲ್ಲ, ಆದರೆ ಬಾಯಿಂದ ಮಾತು ಹೊರಡಬೇಕಾದರೆ ಅದಕ್ಕೆ ಏನೋ ಕೆಲಸವಿರಬೇಕು.

ಫುಸಾಯೆ ಪ್ರತಿ ಫೆಬ್ರವರಿಯಲ್ಲೂ ತವರಿಗೆ ಹೊರಟುಹೋಗುತ್ತೇನೆ ಎಂದು ತೀರ್ಮಾನ ಮಾಡುತ್ತಿದ್ದಳು. ಹಿಮ ಕರಗಲಿ, ದಾರಿ ತೆರೆಯಲಿ, ಮಾರನೇ ದಿನವೇ ಹೊರಟೆ ಎನ್ನುತ್ತಿದ್ದಳು. ಆದರೆ ಏಪ್ರಿಲ್ ಎನ್ನುವುದು ಮಹಾ ಮೋಸಗಾರ. ಹಿಮದ ಅಂಚಿನಲ್ಲಿ ಹಸಿರು ಮೊಗ್ಗು ಮೂಗು ತೋರಿಸುತ್ತದೆ, ಅದನ್ನು ಕಿತ್ತು ಮಿಸೊ ಸಾರಿಗೆ ಹಾಕಿದರೆ ಮನೆಯೆಲ್ಲ ಘಮಘಮ. ಕಿಟಕಿಯ ಹಲಗೆ ತೆಗೆದ ದಿನ ಚಾಪೆಯ ಮೇಲೆ ಬಿಸಿಲು ಬಿದ್ದರೆ ಮುದುಕಿಯರೂ ಅಂಗೈ ಚಾಚಿ ಕೂರುತ್ತಾರೆ. ಗಂಡ ಟೋಕಿಯೋದಿಂದ ಮಿಠಾಯಿ ಡಬ್ಬಿ ಹಿಡಿದುಕೊಂಡು ನಗುತ್ತ ಬರುತ್ತಾನೆ. ಅಷ್ಟೇ, ಫುಸಾಯೆಗೆ ಎಲ್ಲ ಮರೆತುಹೋಗುತ್ತಿತ್ತು. ಹೆರಿಗೆಯ ನೋವು ಮರೆತ ಹಾಗೆ. ನೆನಪಾಗುವುದು ನವೆಂಬರಿನಲ್ಲಿ, ಗೆನ್‌ಸಾಕುವಿನ ಬೆನ್ನು ತಿರುವಿನಲ್ಲಿ ಮರೆಯಾದ ಮೇಲೆ.

ಹೀಗೆ ವರ್ಷಗಳು ಹೋದವು. ತಾಮಿ ಹುಟ್ಟಿದಳು. ಆಮೇಲೆ ಗಂಡುಮಗು ಶಿನ್.

ಶಿನ್‌ಗೆ ಜ್ವರ ಬಂದದ್ದು ಜನವರಿಯ ಒಂದು ದಿನ, ಹಿಮಗಾಳಿ ಬೀಸುತ್ತಿದ್ದಾಗ. ಗಾಳಿ ನಿಲ್ಲುವ ತನಕ ಹೊರಡುವ ಹಾಗಿರಲಿಲ್ಲ. ನಿಂತ ಮೇಲೆ ಮಗುವನ್ನು ಹತ್ತಿಯ ಹಾಸಿಗೆಯಲ್ಲಿ ಸುತ್ತಿ ಜಾರುಬಂಡಿಗೆ ಕಟ್ಟಿ, ಇಶಿ, ಪಕ್ಕದ ಮನೆಯ ಕುಮೆ, ಇನ್ನಿಬ್ಬರು ಹೆಂಗಸರು ಎಳೆದರು. ಫುಸಾಯೆ ಹಿಂದಿನಿಂದ ತಳ್ಳಿದಳು. ಡಾಕ್ಟರಿರುವುದು ಕಣಿವೆಯ ಕೆಳಗೆ, ಸ್ಟೇಷನ್ ಪಕ್ಕದಲ್ಲಿ. ಅರ್ಧ ದಾರಿಯಲ್ಲಿ ಮಗು ಅಳುವುದನ್ನು ನಿಲ್ಲಿಸಿತು. ಇಶಿ ಹೊದಿಕೆ ಸರಿಸಿ ನೋಡಿ, ಹಗ್ಗ ಕೆಳಗಿಟ್ಟು, ಬಂಡಿಯನ್ನು ಊರ ಕಡೆಗೆ ತಿರುಗಿಸಿದಳು. ಎರಡು ದಿನ ಬಿಟ್ಟು ಅದೇ ಬಂಡಿಯಲ್ಲಿ ಪುಟ್ಟ ಪೆಟ್ಟಿಗೆ ಹೋಯಿತು. ಮಹಡಿಯ ಕಿಟಕಿಯಿಂದ ತಾಮಿ ಎಲ್ಲವನ್ನೂ ನೋಡಿದಳು.

ಅಂದಿನಿಂದ ತಾಮಿ ಹಿಮಕ್ಕೆ ಕಾಲಿಡಲಿಲ್ಲ. ಬಂಡಿ ಕಂಡರೆ ಕಿಟಾರನೆ ಕಿರುಚುತ್ತಿದ್ದಳು. ಇಡೀ ದಿನ ಕೊತಾತ್ಸು ಎನ್ನುವ ಗಿಡ್ಡ ಮೇಜಿನ ಹೊದಿಕೆಯೊಳಗೆ, ಕೆಂಡದ ಕಾವಿಗೆ ಕಾಲೊಡ್ಡಿ, ಕತ್ತಿನ ತನಕ ಮುಚ್ಚಿಕೊಂಡು ಇರುತ್ತಿದ್ದಳು. ಮರುವರ್ಷದ ಹಿಮ ಬಂದಾಗಲೂ ಅದೇ ಕತೆ. ಐದು ವರ್ಷದ ಹುಡುಗಿ, ಮುಖ ಬಿಳಿಚಿ ಮೂಲಂಗಿಯ ಹಾಗಾಗಿತ್ತು. ಕೆಮ್ಮು ಬೇರೆ ಹತ್ತಿಕೊಂಡಿತು. ಆ ಕೆಮ್ಮು ಕೇಳಿದಾಗಲೆಲ್ಲ ಫುಸಾಯೆಯ ಜೀವ ಬಾಯಿಗೆ ಬರುತ್ತಿತ್ತು. ಇನ್ನೊಂದು ಚಳಿಗಾಲ ಈ ಮಗುವನ್ನು ಇಲ್ಲಿ ಇಟ್ಟುಕೊಳ್ಳಲಾರೆ, ಈ ಸಲ ಏಪ್ರಿಲಿನ ಕೈಗೆ ಸಿಗಬಾರದು, ಹಿಮ ಇರುವಾಗಲೇ, ಸಿಟ್ಟು ಇರುವಾಗಲೇ ಹೋಗಿಬಿಡಬೇಕು ಎಂದು ಅವಳು ಹಲ್ಲು ಕಚ್ಚಿ ನಿಶ್ಚಯಿಸಿದಳು.

ಹೋಗುವುದು ಹೇಗೆ? ಚಳಿಗಾಲದಲ್ಲಿ ನಮ್ಮೂರಿಗೆ ಇರುವುದು ಒಂದೇ ದಾರಿ, ಒಬ್ಬರು ನಡೆಯುವಷ್ಟು ಅಗಲದ್ದು. ಸರದಿಯ ಹಲಗೆ ಯಾರ ಬಾಗಿಲಲ್ಲಿ ತೂಗುತ್ತಿದೆಯೋ ಆ ಮನೆಯವರು ಬೆಳಕು ಹರಿಯುವ ಮುಂಚೆ ಎದ್ದು, ಹುಲ್ಲಿನ ಮೂಟೆಯಂಥ ದೊಡ್ಡ ಬೂಟು ತೊಟ್ಟು, ಹೊಸ ಹಿಮವನ್ನು ತುಳಿದು ತುಳಿದು ದಾರಿ ಗಟ್ಟಿಮಾಡಬೇಕು. ಸಂಜೆ ಹಲಗೆಯನ್ನು ಪಕ್ಕದ ಮನೆಗೆ ದಾಟಿಸಬೇಕು. ಆ ದಾರಿ ಹನ್ನೊಂದೂ ಮನೆಗಳ ಸೂರಿನ ಕೆಳಗೇ ಹಾದುಹೋಗುತ್ತದೆ. ಕೆಮ್ಮಿದರೆ ಒಳಗಿನವರು ಹೆಸರು ಹಿಡಿದು ಕೂಗುತ್ತಾರೆ. ಸುಮ್ಮನೆ ಹೋದರೂ ಹುಲ್ಲುಬೂಟಿನ ಗುರುತು ನೋಡಿ ಇದು ಇಂಥವರ ಮನೆಯ ಹೆಣಿಗೆ ಎಂದು ಹೇಳಿಬಿಡುತ್ತಾರೆ. ಸತ್ತವರನ್ನು ಬಿಟ್ಟರೆ ಯಾರೂ ನಮ್ಮೂರಿಂದ ಚಳಿಗಾಲದಲ್ಲಿ ಸದ್ದಿಲ್ಲದೆ ಹೋದದ್ದಿಲ್ಲ.

ಇದಕ್ಕೆ ಒಂದೇ ಒಂದು ಸಂದು ಇದೆ. ಫೆಬ್ರವರಿ ಕೊನೆಯಿಂದ ಆಚೆಗೆ ಒಂದೊಂದು ದಿನ ಬಿಸಿಲು ಚುರುಕಾಗಿ ಹಿಮದ ಮೈ ಕರಗುತ್ತದೆ, ರಾತ್ರಿ ಮೋಡವಿಲ್ಲದೆ ಕೊರೆದರೆ ಬೆಳಗಿನ ಹೊತ್ತಿಗೆ ಮೇಲ್ಪದರ ಗಟ್ಟಿ ನೆಲವಾಗಿರುತ್ತದೆ. ಗಟ್ಟಿಹಿಮ ಎನ್ನುತ್ತಾರೆ ಅದನ್ನು. ಆಗ ದಾರಿಯ ಹಂಗಿಲ್ಲ. ಗದ್ದೆ, ಬೇಲಿ, ಹಳ್ಳ ಎಲ್ಲವೂ ಎಷ್ಟೋ ಅಡಿ ಕೆಳಗೆ ಮಲಗಿರುತ್ತವೆ, ಅವುಗಳ ತಲೆಯ ಮೇಲೆ ನೆಟ್ಟಗೆ ಕಣಿವೆ ದಾಟಿ ಸ್ಟೇಷನ್ನಿಗೆ ಹೋಗಬಹುದು. ಹೆಜ್ಜೆಯ ಗುರುತೂ ಮೂಡುವುದಿಲ್ಲ. ಬಿಸಿಲು ಏರಿತೋ, ಮುಗಿಯಿತು, ಸೊಂಟದ ತನಕ ಹೂತುಹೋಗುತ್ತದೆ.

ಫುಸಾಯೆ ಪರೀಕ್ಷಿಸಿ ನೋಡಿದಳು. ಮೊದಲು ಬಂದ ಗಟ್ಟಿಹಿಮದ ದಿನ, ಮನೆಯ ಹಿಂದೆ, ಬರಿಗೈಯಲ್ಲಿ ನಡೆದಳು. ತಾಳಿತು. ತಾಮಿಯ ತೂಕದಷ್ಟು ಅಕ್ಕಿ ಬೆನ್ನಿಗೆ ಕಟ್ಟಿಕೊಂಡು ನಡೆದಳು. ಮೂರನೇ ಹೆಜ್ಜೆಗೆ ಧಡಕ್ಕನೆ ತೊಡೆಯ ತನಕ ಇಳಿದಳು. ಅಂದರೆ ಮಗುವನ್ನು ಹೊತ್ತು ಹೋಗುವಂತಿಲ್ಲ. ಬಂಡಿಗೆ ಅವಳು ಕೂರುವುದಿಲ್ಲ, ಕೂರಿಸಿದರೆ ಇಡೀ ಕಣಿವೆ ಏಳುವ ಹಾಗೆ ಕಿರುಚುತ್ತಾಳೆ. ತಾಮಿ ತನ್ನ ಕಾಲಿನಲ್ಲಿ ತಾನೇ ನಡೆದು ಬರಬೇಕು. ಹಿಮ ಕಂಡರೆ ಹೊದಿಕೆಯೊಳಗೆ ಸೇರಿಕೊಳ್ಳುವ ಹುಡುಗಿ!

ಆಗ ಅವಳಿಗೆ ಚಿತ್ರದ ಪುಸ್ತಕದ ಯೋಚನೆ ಬಂದದ್ದು. ಗೆನ್‌ಸಾಕು ಹಿಂದಿನ ಏಪ್ರಿಲಿನಲ್ಲಿ ತಂದುಕೊಟ್ಟ ಬಣ್ಣದ ಕಡ್ಡಿಗಳಿದ್ದವು. ಬೀಜದಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ಹಿಂಬದಿ ಹಾಲಿನಂತೆ ಬೆಳ್ಳಗಿತ್ತು. ಬಾವುಟದವನ ಮಗಳಿಗೆ ಚಿತ್ರ ಬರೆಯುವುದು ಏನು ಮಹಾ! ಹಿಮಕ್ಕಂತೂ ಬಣ್ಣವೇ ಬೇಡ, ಕಾಗದ ಹಾಗೇ ಬಿಟ್ಟರಾಯಿತು. ಹಿಮದ ದಿನ ಎಷ್ಟು ಮಜಾ ಎಂದು ತೋರಿಸುವ ಪುಸ್ತಕ. ಒಬ್ಬ ಹುಡುಗಿ ಕಿಟಕಿಯಿಂದ ಇಣುಕುತ್ತಾಳೆ, ಹೊರಗೆ ಬರುತ್ತಾಳೆ, ಆಡುತ್ತಾಳೆ, ಕೊನೆಗೆ ಗಟ್ಟಿಹಿಮದ ಮೇಲೆ ಅಮ್ಮನ ಜೊತೆ ನಡೆದು ನಡೆದು ಸಮುದ್ರ ಸೇರುತ್ತಾಳೆ. ಕೊನೆಯ ಪುಟವನ್ನು ಅವಳು ಎಲ್ಲಕ್ಕಿಂತ ಮೊದಲು ಬರೆದಳು. ನೀಲಿ ಸಮುದ್ರ, ದೋಣಿಗಳು, ಕೆಂಪು ಹಳದಿ ಬಾವುಟಗಳು. ನೀಲಿ ಕಡ್ಡಿ ಅರ್ಧ ಸವೆದುಹೋಯಿತು.

ಆದರೆ ನಡುವಿನ ಪುಟಗಳಿಗೆ ಏನು ಬರೆಯುವುದು? ಹಿಮದಲ್ಲಿ ಮಜಾ ಎಂಥದ್ದು? ಅವಳು ಕಡ್ಡಿ ಹಿಡಿದು ಕುಳಿತೇ ಕುಳಿತಳು, ಒಂದೂ ಹೊಳೆಯಲಿಲ್ಲ. ಕೊನೆಗೆ ಸೊಪ್ಪು ಹೆಚ್ಚುತ್ತಿದ್ದ ಅತ್ತೆಯನ್ನೇ ಕೇಳಿದಳು.

"ಅತ್ತೇ, ನೀವು ಚಿಕ್ಕೋರಿದ್ದಾಗ ಹಿಮದಲ್ಲಿ ಏನು ಆಡ್ತಿದ್ರಿ?"

ಇಶಿ ಚಾಕು ನಿಲ್ಲಿಸಿದಳು. "ಯಾಕೆ?"

"ತಾಮಿಗೆ ಪುಸ್ತಕ ಬರೀತಿದೀನಿ. ಹೊರಗೆ ಬರಲಿ ಅಂತ."

"ಆಡೋಕೆ ಬಿಡ್ತಿದ್ರು ಅಂದ್ಕೊಂಡ್ಯಾ? ಬೆನ್ನಿಗೆ ತಮ್ಮನ್ನ ಕಟ್ಟಿ ಸೌದೆಗೆ ಕಳಿಸ್ತಿದ್ರು," ಎಂದು ಇಶಿ ಮತ್ತೆ ಹೆಚ್ಚತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತನ್ನಷ್ಟಕ್ಕೆ, "ಬೆನ್ನ ಮೇಲೆ ಬೀಳ್ತಿದ್ವಿ," ಎಂದಳು.

"ಹ್ಞಾ?"

"ಹೊಸ ಹಿಮದಲ್ಲಿ. ಕೈ ಅಗಲಿಸಿ ಹಿಂದಕ್ಕೆ ದಬಾರ್ ಅಂತ. ಆಮೇಲೆ ಎದ್ದು ನೋಡಿದ್ರೆ ಅಚ್ಚು. ನಂದು ಯಾವಾಗ್ಲೂ ಕೋಳಿ ಥರ ಬರೋದು. ಕುಂಡಿ ದಪ್ಪ ಇತ್ತಲ್ಲ ನಂದು!" ಎಂದು ಇಶಿ ನಕ್ಕುಬಿಟ್ಟಳು. ಈ ಮನೆಗೆ ಬಂದ ಮೇಲೆ ಅತ್ತೆ ಬಾಯಿ ತೆರೆದು ನಕ್ಕದ್ದನ್ನು ಫುಸಾಯೆ ಕಂಡದ್ದು ಅದೇ ಮೊದಲು. ಬಾಯಿಯಲ್ಲಿ ಹಲ್ಲು ಎಷ್ಟು ಕಡಿಮೆ ಎಂಬುದೂ ಆಗಲೇ ಗೊತ್ತಾಯಿತು.

ಆಮೇಲೆ ದಿನಾ ಒಂದೊಂದು. ಒಣಗಿದ ಪರ್ಸಿಮನ್ ಹಣ್ಣನ್ನು ಹಿಮದಲ್ಲಿ ಹಿಸುಕಿ ತಿಂದರೆ ಹೇಗಿರುತ್ತದೆ, ಮೊಲದ ಹೆಜ್ಜೆಗೂ ಅಳಿಲಿನ ಹೆಜ್ಜೆಗೂ ಏನು ವ್ಯತ್ಯಾಸ, ಸೂರಿನಿಂದ ಎಳೆದ ಹಿಮದ ಗುಡ್ಡೆಯಲ್ಲಿ ಗುಹೆ ತೋಡಿ ಒಳಗೆ ದೀಪವಿಟ್ಟರೆ ಗೋಡೆ ಯಾವ ಬಣ್ಣಕ್ಕೆ ತಿರುಗುತ್ತದೆ, ಗಟ್ಟಿಹಿಮದ ದಿನ ಎತ್ತರದ ಮರಗಳ ತುದಿ ಮುಟ್ಟಿ "ನಿನಗಿಂತ ನಾನೇ ಉದ್ದ" ಎಂದು ಅಣಕಿಸುವುದು ಹೇಗೆ, ಎಲ್ಲವನ್ನೂ ಇಶಿ ಹೇಳಿದಳು. ಒಲೆಯ ಮುಂದೆ ಕೂತು, ಸೊಸೆಯ ಕೈಯಲ್ಲಿ ಕೋಳಿಯಂಥ ಅಚ್ಚು ಮೂಡುವುದನ್ನು ನೋಡಿ, "ಇನ್ನೂ ದಪ್ಪ ಮಾಡು, ಇನ್ನೂ ದಪ್ಪ," ಎನ್ನುತ್ತಿದ್ದಳು. ಈ ಮುದುಕಿಯ ಬಾಯಿಂದಲೇ ಕತೆ ಹೆಕ್ಕಿ, ಇವಳ ಮೊಮ್ಮಗಳನ್ನು ಇವಳಿಂದಲೇ ಬಿಡಿಸಿಕೊಂಡು ಹೋಗುತ್ತಿದ್ದೇನಲ್ಲ ಎಂದು ಫುಸಾಯೆಗೆ ನಾಚಿಕೆಯಾಗುತ್ತಿತ್ತು. ಆದರೆ ಒಳಗಿನ ಕೋಣೆಯಿಂದ ತಾಮಿ ಕೆಮ್ಮಿದ ಕೂಡಲೇ ಆ ನಾಚಿಕೆ ಸತ್ತುಹೋಗುತ್ತಿತ್ತು.

ಪುಟಗಳನ್ನು ಹತ್ತಿಯ ದಾರದಲ್ಲಿ ಹೊಲಿದು ತಾಮಿಯ ಕೈಗಿತ್ತಳು. ಮೊದಲ ದಿನ ತಾಮಿ ಹೊದಿಕೆಯೊಳಗಿನಿಂದ ಒಂದು ಕಣ್ಣಿನಲ್ಲಿ ನೋಡಿದಳು. ಎರಡನೇ ದಿನ, "ಓದು," ಎಂದಳು. ಆಮೇಲೆ ಓದು ಓದು ಎಂದು ಪ್ರಾಣ ತಿಂದಳು. ಕೋಳಿಯಚ್ಚಿನ ಪುಟ ಬಂದರೆ ಬಿದ್ದು ಬಿದ್ದು ನಗುತ್ತಿದ್ದಳು. ಒಂದು ಬೆಳಿಗ್ಗೆ ಹೊದಿಕೆಯಿಂದ ಹೊರಗೆ ಬಂದು, ಮಹಡಿಯ ಕಿಟಕಿಗೆ ಹೋಗಿ, ಹಿಮಕ್ಕೆ ಬೆರಳು ಚುಚ್ಚಿ ಬಾಯಿಗಿಟ್ಟುಕೊಂಡಳು.

"ಅಜ್ಜೀ, ಸಪ್ಪೆ!"

"ಸಪ್ಪೆಯಲ್ದೆ ಇನ್ನೇನು, ಸಕ್ಕರೆ ಸುರೀತಾರಾ ನಿಂಗೆ ಆಕಾಶದಿಂದ?" ಎಂದಳು ಇಶಿ, ಮತ್ತೆ ತಾನೇ ಓಡಿಹೋಗಿ ಒಂದು ಪರ್ಸಿಮನ್ ಹಣ್ಣು ತಂದು ಹಿಸುಕಿಕೊಟ್ಟಳು.

ಮುಂದಿನ ವಾರ ತಾಮಿ ಕಿಟಕಿ ದಾಟಿದಳು. ಮೊದಲು ಅಮ್ಮನ ಕೈ ಹಿಡಿದು, ಆಮೇಲೆ ಕೈ ಬಿಟ್ಟು. ದಬಾರ್ ಎಂದು ಬೆನ್ನ ಮೇಲೆ ಬಿದ್ದು, ಎದ್ದು, "ನಂದು ಕೋಳಿ ಅಲ್ಲ, ಕಪ್ಪೆ!" ಎಂದು ಕೂಗಿದಳು. ಕುಮೆ ತನ್ನ ಸೂರಿನ ಮೇಲಿಂದ ಸಲಿಕೆ ಊರಿ ನಿಂತು ನೋಡಿ, "ಏ ಫುಸಾಯೆ, ನಿನ್ನ ಮಗಳು ಬಿಲದಿಂದ ಹೊರಗೆ ಬಂದ್ಲಲ್ಲೇ! ಏನು ಮಾಟ ಮಾಡಿದ್ಯೇ?" ಎಂದು ಕೇಳಿದಳು. ಕೆಮ್ಮು ತಾನಾಗಿ ಕಡಿಮೆಯಾಯಿತು. ಕೆನ್ನೆ ಕೆಂಪಾಯಿತು. ಊಟಕ್ಕೆ ಕರೆದರೂ ಒಳಗೆ ಬರುವುದಿಲ್ಲ ಎನ್ನುವಷ್ಟಾಯಿತು. ಫುಸಾಯೆ ಹಿಗ್ಗಿದಳು. ಕೆಲಸ ಕೈಗೂಡಿತು, ಇನ್ನು ಗಟ್ಟಿಹಿಮ ಬಂದರೆ ಸಾಕು ಎಂದುಕೊಂಡಳು. ಮಗಳ ಮುಖದಲ್ಲಿ ಏನಾಗುತ್ತಿದೆ ಎಂದು ಸರಿಯಾಗಿ ನೋಡಲೇ ಇಲ್ಲ ಅವಳು.

ಹಿಂದಿನ ದಿನ ಬಿಸಿಲು ಚೆನ್ನಾಗಿ ಕಾದು, ರಾತ್ರಿ ಕೊರೆದ ಒಂದು ಬೆಳಿಗ್ಗೆ ಅದು ಬಂತು. ಅಂದು ಸರದಿಯ ಹಲಗೆ ಅವರ ಮನೆಯ ಬಾಗಿಲಿನಲ್ಲೇ ಇತ್ತು. ಫುಸಾಯೆ ಹೊಟ್ಟೆನೋವು ಎಂದಳು. ಇಶಿ ಹಣೆ ಮುಟ್ಟಿ ನೋಡಿ, "ಬೆಚ್ಚಗೆ ಮಲಕ್ಕೋ," ಎಂದು ಹೇಳಿ, ತಾನೇ ದಾರಿ ತುಳಿಯಲು ಊರ ಮುಂಬದಿಗೆ ಹೋದಳು. ಅವಳ ಹೆಜ್ಜೆಯ ಸದ್ದು ದೂರವಾದ ಮೇಲೆ ಫುಸಾಯೆ ಎದ್ದು ಗಂಟು ಕಟ್ಟಿದಳು. ತಾಮಿಯ ಬಟ್ಟೆ, ಅನ್ನದ ಉಂಡೆ, ಪುಸ್ತಕ.

"ತಾಮಿ, ಇವತ್ತು ಕೊನೇ ಪುಟಕ್ಕೆ ಹೋಗೋಣ್ವಾ?"

"ಸಮುದ್ರಕ್ಕಾ? ನಿಜವಾಗ್ಲೂ?"

"ನಿಜವಾಗ್ಲೂ. ನಡ್ಕೊಂಡೇ. ಆಮೇಲೆ ರೈಲು."

ಮಹಡಿಯ ಹಿಂಬದಿಯ ಕಿಟಕಿಯಿಂದ ಇಬ್ಬರೂ ಹೊರಗಿಳಿದರು. ಹಿಮ ಕಾಲ ಕೆಳಗೆ ಹಲಗೆಯ ಹಾಗೆ ಟಕಟಕ ಎಂದಿತು. ಆಕಾಶ ಇನ್ನೂ ಬೂದಿ ಬಣ್ಣ. ಗೇಣಗಲದ ದಾರಿಯಲ್ಲಿ ಒಬ್ಬರ ಬೆನ್ನು ನೋಡಿಕೊಂಡು ಮೂರು ತಿಂಗಳು ನಡೆದವಳು ಫುಸಾಯೆ. ಈಗ ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ಅವಳಿಗೆ ಎದೆ ಬಿರಿಯುವಷ್ಟು ಸಂತೋಷವಾಯಿತು. ಓಡಿದಳು. ತಾಮಿಯೂ ಓಡಿದಳು. ಬೇಲಿಯ ಮೇಲೆ, ಹಳ್ಳದ ಮೇಲೆ, ಬೆದರುಗೊಂಬೆಯ ತಲೆಯ ಮೇಲೆ.

ಕಣಿವೆಯ ನಡುವೆ, ಶರತ್ಕಾಲದಲ್ಲಿ ಭತ್ತದ ಹೊರೆ ನೇತುಹಾಕಿ ಒಣಗಿಸುವ ಮರಗಳ ಸಾಲು ಇದೆ. ತುದಿಗಳು ಮಾತ್ರ ಹಿಮದಿಂದ ಹೊರಗಿದ್ದವು. ತಾಮಿ ಪ್ರತಿಯೊಂದನ್ನೂ ಮುಟ್ಟಿ, "ನಿನಗಿಂತ ನಾನೇ ಉದ್ದ! ನಿನಗಿಂತಲೂ ನಾನೇ ಉದ್ದ!" ಎಂದು ಕುಣಿದಳು. ಅಲ್ಲಿ ಕುಳಿತು ಅನ್ನದ ಉಂಡೆ ತಿಂದರು. ಕೆಳಗೆ ಸ್ಟೇಷನ್ನಿನ ಹೊಗೆ ಕಾಣುತ್ತಿತ್ತು. ಹಿಂತಿರುಗಿ ನೋಡಿದರೆ ಊರು ಒಂದು ಬಿಳಿಯ ಉಬ್ಬು, ಅಷ್ಟೇ.

"ಅಮ್ಮಾ, ಸಮುದ್ರದ ಹತ್ರ ಹಿಮ ಎಷ್ಟುದ್ದ ಇರುತ್ತೆ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಇಡೀ ಪುಸ್ತಕದ ತುಂಬ ಸುಳ್ಳು ಬರೆದವಳಿಗೆ ಇನ್ನೊಂದು ಸುಳ್ಳು ಯಾವ ಲೆಕ್ಕ! ಆದರೆ ತವರಿನ ಮಾತು ಬಂದಿತಲ್ಲ, ಅವಳ ಬಾಯಿಗೆ ತಡೆಯೇ ಇರಲಿಲ್ಲ. ವರ್ಷಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹಿಗ್ಗಿನಿಂದ ಹೇಳಿಬಿಟ್ಟಳು.

"ಹಿಮಾನೇ ಇರಲ್ಲ ಕಣೆ ಅಲ್ಲಿ! ಬಿದ್ರೂ ಗಾಳಿ ಹೊತ್ಕೊಂಡು ಹೋಗ್ಬಿಡುತ್ತೆ. ನೆಲ ಕಾಣುತ್ತೆ ತಾಮಿ, ಜನವರಿಯಲ್ಲೂ ನೆಲ ಕಾಣುತ್ತೆ!"

ತಾಮಿ ಅಗಿಯುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಮರದ ತುದಿ ಮುಟ್ಟೋದು ಹೇಗೆ?"

"ಅದು... ಮುಟ್ಟೋಕಾಗಲ್ಲ."

"ಕಪ್ಪೆ ಮಾಡೋದು?"

"ಮರಳಲ್ಲಿ ಮಾಡ್ಬಹುದು."

"ಗುಹೆ? ದೀಪ?"

ತಾಮಿ ಅರ್ಧ ಉಳಿದ ಉಂಡೆಯನ್ನು ಅಮ್ಮನ ಕೈಗೆ ಕೊಟ್ಟು, ಎದ್ದು ನಿಂತು, "ನಾನು ಬರಲ್ಲ," ಎಂದಳು.

ಮೊದಲು ಫುಸಾಯೆ ನಕ್ಕಳು. ಪುಸಲಾಯಿಸಿದಳು. ತಾತ ಕೆಂಪು ಬಾವುಟ ಕೊಡ್ತಾರೆ ಎಂದಳು, ಸ್ಟೇಷನ್ನಿನಲ್ಲಿ ಮಿಠಾಯಿ ಸಿಗುತ್ತದೆ ಎಂದಳು. ಆಮೇಲೆ ಗದರಿದಳು. "ಇಲ್ಲೇ ಬಿಟ್ಟು ಹೋಗ್ತೀನಿ ನೋಡು!" ಎಂದಳು. "ಹೋಗು, ನಾನು ಅಜ್ಜಿ ಹತ್ರ ಹೋಗ್ತೀನಿ," ಎಂದಳು ತಾಮಿ. ಅಮ್ಮನದೇ ಹಟ, ಅಮ್ಮನದೇ ಹಲ್ಲು ಕಚ್ಚುವಿಕೆ. ಮೂಡಣ ಗುಡ್ಡದ ನೆತ್ತಿ ಹಳದಿಯಾಗತೊಡಗಿತು. ಹೊತ್ತಿಲ್ಲ, ಇನ್ನು ಹೊತ್ತಿಲ್ಲ ಎಂದು ಫುಸಾಯೆಗೆ ಬುದ್ಧಿಯೇ ಕೆಟ್ಟುಹೋಗಿ, ಮಗಳನ್ನು ಬಾಚಿ ಎತ್ತಿ ಬೆನ್ನಿಗೆ ಹಾಕಿಕೊಂಡು ನಡೆದಳು. ಒಂದು ಹೆಜ್ಜೆ, ಎರಡು ಹೆಜ್ಜೆ, ಧಡಕ್. ತೊಡೆಯ ತನಕ ಇಳಿದಳು. ಕಾಲು ಕಿತ್ತು ಮತ್ತೆ ಹೆಜ್ಜೆಯಿಟ್ಟಳು. ಮತ್ತೆ ಧಡಕ್. ಅಂಚು ಚೂಪಾಗಿ ಮೊಣಕಾಲು ತರಚಿ ರಕ್ತ ಬಂತು. ಮೂರನೇ ಸಲ ಸೊಂಟದ ತನಕ ಹೋದಳು, ತಾಮಿ ಬೆನ್ನಿನಿಂದ ಜಾರಿ ಹಿಮದ ಮೇಲೆ ನಿಂತಳು. ಅವಳು ಹಗುರ, ಅವಳನ್ನು ಹಿಮ ತಾಳುತ್ತಿತ್ತು. ಅಮ್ಮ ಹೂತದ್ದು ನೋಡಿ ಆಟವೆಂದುಕೊಂಡು ಕೇಕೆ ಹಾಕಿ ನಕ್ಕಳು.

"ಅಮ್ಮಾ, ನೀನು ಎಷ್ಟು ದಪ್ಪ! ಅಜ್ಜಿಗಿಂತ ದಪ್ಪ!"

ಫುಸಾಯೆ ಆ ಗುಳಿಯಲ್ಲಿ ನಿಂತುಕೊಂಡೇ ಅತ್ತಳು. ಶಿನ್ ಹೋದ ದಿನವೂ ಇಷ್ಟು ಜೋರಾಗಿ ಅತ್ತಿರಲಿಲ್ಲ. ಎರಡೂ ಮುಷ್ಟಿಯಿಂದ ಹಿಮವನ್ನು ಗುದ್ದಿ ಗುದ್ದಿ, "ಈ ಹಿಮ ಕಂಡ್ರೆ ನಂಗಾಗಲ್ಲ! ಆಗಲ್ಲ ಕಣೆ! ಇದರ ಮುಖ ನೋಡೋಕಾಗಲ್ಲ ನಂಗೆ!" ಎಂದು ಕೂಗಿದಳು.

ತಾಮಿಯ ನಗು ನಿಂತಿತು. ಬೆಪ್ಪಾಗಿ ಅಮ್ಮನನ್ನು ನೋಡಿದಳು. "ಆದ್ರೆ," ಎಂದಳು, "ನೀನೇ ತಾನೇ ಬರೆದದ್ದು?"

ಒಬ್ಬಳೇ ಆದರೆ ಹೋಗಬಹುದಿತ್ತು. ಅದು ಅವಳಿಗೆ ಹೊಳೆಯಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಹೊಗೆ ಅಲ್ಲೇ ಕಾಣುತ್ತಿತ್ತು, ಅರ್ಧ ಗಂಟೆಯ ದಾರಿ, ಒಬ್ಬಳ ತೂಕವನ್ನು ಹಿಮ ಇನ್ನೂ ತಾಳುತ್ತಿತ್ತು. ಅವಳು ಆ ಹೊಗೆಯನ್ನು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಹೊಟ್ಟೆಯ ಮೇಲೆ ಮಲಗಿ, ಮೊಣಕೈ ಊರಿ, ಗುಳಿಯಿಂದ ತೆವಳಿ ಹೊರಗೆ ಬಂದಳು. ಕಣ್ಣು ಮೂಗು ಒರೆಸಿಕೊಂಡಳು. "ನಡಿ," ಎಂದಳು. ತಾಮಿ ಅವಳ ಕೈ ಹಿಡಿದು, ಎಲ್ಲಿ ಗಟ್ಟಿಯಿದೆ ಎಲ್ಲಿ ಮೆತ್ತಗಿದೆ ಎಂದು ಕಾಲಿನಿಂದ ಕುಟ್ಟಿ ಕುಟ್ಟಿ ನೋಡುತ್ತ, ಅವಳನ್ನು ಊರಿಗೆ ಕರೆತಂದಳು.

ಇಶಿ ಕೊನೆಯ ಸುತ್ತು ದಾರಿ ತುಳಿಯುತ್ತಿದ್ದಳು. ಗದ್ದೆಯ ಕಡೆಯಿಂದ ಬಂದ ಇಬ್ಬರನ್ನೂ ನೋಡಿದಳು. ಸೊಸೆಯ ಮೊಣಕಾಲಿನ ರಕ್ತ ನೋಡಿದಳು, ಗಂಟು ನೋಡಿದಳು.

"ತಾಮಿಗೆ ಗಟ್ಟಿಹಿಮ ತೋರಿಸೋಕೆ ಹೋಗಿದ್ದೆ, ಅತ್ತೆ," ಎಂದಳು ಫುಸಾಯೆ.

"ಗಂಟು?"

"ಬುತ್ತಿ."

ಇಶಿ ಗಂಟನ್ನು ತೆಗೆದುಕೊಂಡು ಕೈಯಲ್ಲಿ ತೂಗಿ ನೋಡಿದಳು. ಬುತ್ತಿಯ ತೂಕ ಯಾವುದು, ಬಟ್ಟೆಯ ತೂಕ ಯಾವುದು ಎಂದು ಗೊತ್ತಾಗದವಳೇ ಅವಳು! ಗಂಟನ್ನು ತನ್ನ ಹೆಗಲಿಗೆ ಹಾಕಿಕೊಂಡು, "ಒಳಗೆ ನಡಿ. ಸಾರು ಆರ್ತಿದೆ," ಎಂದಳು. ಕುಮೆ ಮಾತ್ರ ಸುಮ್ಮನಿರಬೇಕಲ್ಲ, ಸೂರಿನ ಮೇಲಿಂದಲೇ, "ಗಟ್ಟಿಹಿಮದಲ್ಲಿ ಅಲ್ಲೀತನಕ ಹೋಗಿ ಬಂದ್ಲಾ ಚಿಕ್ಕದು? ಆಯ್ತು ಬಿಡು ಫುಸಾಯೆ, ಇನ್ನು ಇವಳು ಈ ಊರೋಳೇ!" ಎಂದು ಕೂಗಿದಳು. ತಾಮಿ ಹೆಮ್ಮೆಯಿಂದ ಬೀಗಿದಳು.

ಮಧ್ಯಾಹ್ನ ಹಿಮ ಮತ್ತೆ ಮೆತ್ತಗಾಗಿ, ಸೂರಿನಿಂದ ದಪದಪ ಉದುರುತ್ತಿತ್ತು. ಫುಸಾಯೆ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ದೀಪದ ಪಕ್ಕ ಕುಳಿತಿದ್ದಳು. ತಾಮಿ ಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟು, ಕೊನೆಯ ಪುಟ ತೆರೆದು, "ಇದು ಬೇಡ. ಬೇರೆ ಬರಿ. ನಮ್ಮನೆ ಬರಿ," ಎಂದಳು.

ಫುಸಾಯೆ ಸಮುದ್ರದ ಪುಟವನ್ನು ದಾರ ಬಿಚ್ಚಿ ತೆಗೆದಳು. ಕ್ಯಾಲೆಂಡರಿನಿಂದ ಇನ್ನೊಂದು ಹಾಳೆ ಹರಿದು ಅದರ ಹಿಂಬದಿಯಲ್ಲಿ ಮನೆ ಬರೆದಳು. ಸೂರು, ಸೂರಿನ ಮೇಲೆ ಹಿಮ, ಸುತ್ತ ಹಿಮ. ತಾಮಿ ಪಕ್ಕದಲ್ಲಿ ಕುಳಿತು ಹೇಳುತ್ತ ಹೋದಳು. ಅಜ್ಜಿ ಇಲ್ಲಿ, ದಾರಿ ತುಳೀತಾ ಇರಲಿ. ನಾನು ಇಲ್ಲಿ, ಕಪ್ಪೆ ಮಾಡ್ತಾ. ಕುಮೆ ಅತ್ತೆ ಸೂರಿನ ಮೇಲೆ. ಅಪ್ಪ ಅಲ್ಲಿ ದೂರದಲ್ಲಿ ಮಿಠಾಯಿ ಹಿಡ್ಕೊಂಡು ಬರ್ತಾ ಇರಲಿ. ಫುಸಾಯೆ ಹೇಳಿದ್ದನ್ನೆಲ್ಲ ಬರೆದಳು. ಚೆನ್ನಾಗಿಯೇ ಬರೆದಳು, ಬಾವುಟದವನ ಮಗಳಲ್ಲವೇ.

ತಾಮಿ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಣಿಸಿದಳು. ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ನೀನೆಲ್ಲಿ?"

"ನಾನು ಒಳಗಿದ್ದೀನಿ ಕಣೆ," ಎಂದಳು ಫುಸಾಯೆ.

ತಾಮಿ ಸೂರಿನ ಕೆಳಗಿನ ಬರೀ ಬಿಳಿಯನ್ನು ಬೆರಳಿನಿಂದ ಮುಟ್ಟಿ, ಹೌದೆಂದು ತಲೆಯಾಡಿಸಿದಳು. ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿ, ಅಮ್ಮನ ತೊಡೆಗೆ ಒರಗಿಕೊಂಡು, "ಮೊದ್ಲಿಂದ ಓದು," ಎಂದಳು. ಫುಸಾಯೆ ದೀಪವನ್ನು ಹತ್ತಿರ ಎಳೆದುಕೊಂಡು ಓದತೊಡಗಿದಳು.